ಹಂಪಿಗೆ ಹೊರಡುವ ಮುಂಚೆ ಮೇಲಿಂದ ಹೊಳೆ ನೋಡಿ

ಹಂಪಿಗೆ ಹೋಗುವ ಪ್ಲಾನ್ ಇದ್ದರೆ ನೋಡಬೇಕಾದ ಜಾಗಗಳ ಪಟ್ಟಿ ಆಮೇಲೆ ಬರೆಯಿರಿ, ಮೊದಲು ಹೊಳೆ ನೋಡಿ. ತುಂಗಭದ್ರೆಯಲ್ಲಿ ಈಗ ಎಷ್ಟು ನೀರಿದೆ ಅನ್ನುವುದರ ಮೇಲೆ ನಿಮ್ಮ ಇಡೀ ತಿರುಗಾಟ ನಿಂತಿರುತ್ತದೆ. ಇದನ್ನೆಲ್ಲ ಮನೆಯಲ್ಲೇ ಕೂತು, ಖರ್ಚಿಲ್ಲದೆ ಉಪಗ್ರಹ ಚಿತ್ರಗಳಲ್ಲಿ ನೋಡಿಕೊಳ್ಳಬಹುದು. ನಾವು ಹೋಗಿದ್ದು ಮಳೆಗಾಲದ ಕೊನೆಗೆ, ಜೊತೆಗೆ ಅಮ್ಮ ಇದ್ದರು. ಅವರಿಗೆ ಮಂಡಿ ನೋವು. ಎಲ್ಲೆಲ್ಲಿ ಎಷ್ಟು ನಡೆಯಬೇಕು ಅನ್ನೋದು ನಮಗೆ ಮೊದಲೇ ಗೊತ್ತಿರಲೇಬೇಕಿತ್ತು.

ಗೂಗಲ್ ಅರ್ಥ್‌ನಿಂದ ಶುರು ಮಾಡಿ. ಕಂಪ್ಯೂಟರಿಗೆ ಹಾಕಿಕೊಳ್ಳುವ ಪ್ರೊ ಆವೃತ್ತಿಯೇ ಒಳ್ಳೆಯದು, ಅದೂ ಉಚಿತ. ವಿಠ್ಠಲ ದೇವಸ್ಥಾನದಿಂದ ಆನೆಗೊಂದಿಗೆ ಅಳತೆಪಟ್ಟಿ ಎಳೆದು ನೋಡಿ, ಇಲ್ಲೇ ಪಕ್ಕದಲ್ಲಿದೆ ಅನಿಸುತ್ತದೆ. ಆದರೆ ನಡುವೆ ಹೊಳೆ. ದೋಣಿ ಓಡಾಟ ನಿಂತಿದ್ದರೆ ಬುಕ್ಕಸಾಗರ, ಕಡೆಬಾಗಿಲು ಸೇತುವೆ ಸುತ್ತಿಕೊಂಡೇ ಹೋಗಬೇಕು. ಆ ರಸ್ತೆಯನ್ನೂ ಅದೇ ಅಳತೆಪಟ್ಟಿಯಲ್ಲಿ ಅಳೆದು ಬರೆದಿಟ್ಟುಕೊಳ್ಳಿ, ಆಟೋದವರ ಹತ್ತಿರ ಮಾತಾಡುವಾಗ ಉಪಯೋಗಕ್ಕೆ ಬರುತ್ತದೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಗೂಗಲ್‌ನಲ್ಲಿ ಕಾಣುವ ಹೊಳೆ ಇವತ್ತಿನ ಹೊಳೆ ಅಲ್ಲ. ಚಿತ್ರದ ಕೆಳಗೆ ಅದನ್ನು ತೆಗೆದ ತಾರೀಕು ಇರುತ್ತದೆ, ಅದನ್ನು ಓದಿ. ಬೇಸಿಗೆಯಲ್ಲಿ ತೆಗೆದದ್ದಾದರೆ ಹೊಳೆ ತುಂಬ ಬರೀ ಬಂಡೆ, ನಡುವೆ ಸಣ್ಣ ಕಾಲುವೆಯಷ್ಟು ನೀರು. ಹೊಸಪೇಟೆ ಹತ್ತಿರದ ಡ್ಯಾಮಿನಿಂದ ನೀರು ಬಿಟ್ಟಾಗ ಅದೇ ಜಾಗದಲ್ಲಿ ಪುರಂದರ ಮಂಟಪವೇ ಮುಳುಗುತ್ತದೆ!

ಇವತ್ತಿನ ಸ್ಥಿತಿ ಬೇಕಾದರೆ ಕೋಪರ್ನಿಕಸ್ ಬ್ರೌಸರ್ ಅನ್ನುವ ವೆಬ್‌ಸೈಟ್ ತೆರೆಯಿರಿ. ಯುರೋಪಿನವರ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳು ಅಲ್ಲಿ ತಾರೀಕಿನ ಪ್ರಕಾರ ಸಿಗುತ್ತವೆ. ಸೆಂಟಿನೆಲ್-2 ಸುಮಾರು 5 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತದೆ, ಚಿತ್ರದ ಒಂದೊಂದು ಚುಕ್ಕೆ ನೆಲದ ಮೇಲೆ 10 ಮೀಟರ್. ತೆಪ್ಪ ಕಾಣುವುದಿಲ್ಲ, ಆದರೆ ಹೊಳೆ ಎಷ್ಟು ಅಗಲ ಆಗಿದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇದೂ ಕೈಕೊಡುತ್ತದೆ, ಯಾಕಂದ್ರೆ ಬರೀ ಮೋಡ. ಆಗ ಸೆಂಟಿನೆಲ್-1 ಆರಿಸಿಕೊಳ್ಳಿ. ಅದು ರೇಡಾರ್, ಮೋಡದ ಒಳಗಿಂದಲೂ ನೋಡುತ್ತದೆ, ರಾತ್ರಿಯೂ ಚಿತ್ರ ತೆಗೆಯುತ್ತದೆ. ನೋಡಲು ಕಪ್ಪು ಬಿಳುಪು, ಮೊದಲ ಸಲ ಏನೂ ತಿಳಿಯದು. ಸಮವಾಗಿ ನಿಂತ ನೀರು ಕಪ್ಪಾಗಿ, ಬಂಡೆಗುಡ್ಡಗಳು ಬೆಳ್ಳಗೆ ಕಾಣುತ್ತವೆ, ಅಷ್ಟು ಗೊತ್ತಿದ್ದರೆ ಸಾಕು. ಏಪ್ರಿಲ್ ತಿಂಗಳ ಚಿತ್ರ ಒಂದನ್ನು, ಹೊಸದೊಂದನ್ನು ಅಕ್ಕಪಕ್ಕ ಇಟ್ಟು ನೋಡಿ. ನಾವು ನೋಡಿದಾಗ ಏಪ್ರಿಲ್‌ನಲ್ಲಿ ಹೊಳೆ ನಡುವೆ ಇದ್ದ ಬಿಳಿ ಚುಕ್ಕೆಗಳು ಬಹಳಷ್ಟು ಮಾಯವಾಗಿದ್ದವು, ಹಾಗಾಗಿ ದೋಣಿಯ ಆಸೆ ಬಿಟ್ಟು ಕಮಲಾಪುರದ ಕಡೆ ರೂಮು ಮಾಡಿ, ಆನೆಗೊಂದಿಗೆ ರಸ್ತೆ ಮೇಲೇ ಬೇರೆ ದಿನ ಇಟ್ಟುಕೊಂಡೆವು. ಅಲ್ಲಿಗೆ ಹೋದಾಗ ದೋಣಿ ಓಡಾಟ ನಿಂತೇ ಹೋಗಿತ್ತು, ನಮ್ಮ ದಿನ ಕೆಡಲಿಲ್ಲ.

ಮೇಲಿಂದ ನೋಡುವುದರಲ್ಲಿ ಇನ್ನೊಂದು ಸುಖ ಇದೆ, ಇದು ನನಗೆ ತುಂಬಾ ಇಷ್ಟವಾದದ್ದು. ವಿರೂಪಾಕ್ಷ ದೇವಸ್ಥಾನದ ಕಡೆಗೂ ಅರಮನೆಗಳ ಕಡೆಗೂ ನಡುವೆ ಒಂದು ಹಸಿರು ಪಟ್ಟಿ ಕಾಣುತ್ತದೆ, ಬಾಳೆ, ಭತ್ತ, ಕಬ್ಬು. ವಿಜಯನಗರದ ಕಾಲದ, ತುರ್ತು ಅನ್ನುವ ಹೆಸರಿನ ಕಾಲುವೆ ಇವತ್ತಿಗೂ ಅಲ್ಲಿ ನೀರು ಹರಿಸುತ್ತಿದೆ. ಆಮೇಲೆ ಮಹಾನವಮಿ ದಿಬ್ಬದ ಹತ್ತಿರ ಹಿಗ್ಗಿಸಿ, ಮೆಟ್ಟಿಲು ಪುಷ್ಕರಣಿಯ ಚೌಕ ಕಾಣುತ್ತದೆ. ಅಲ್ಲಿಗೆ ನೀರು ತರುವ ಕಲ್ಲಿನ ಮೇಲ್ಗಾಲುವೆಯ ಗೆರೆಯನ್ನೂ ಹುಡುಕಿ. ಇದನ್ನು ಮೊದಲೇ ನೋಡಿಕೊಂಡು ಹೋದದ್ದಕ್ಕೆ ಅಲ್ಲಿ ನಿಂತಾಗ ನನಗೆ ಊರಿನ ಲೆಕ್ಕವೇ ಅರ್ಥವಾಯಿತು: ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ಸುಮ್ನೆ ಕಲ್ಲು ನೋಡಿ ಬರುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಗುಡ್ಡ ಹತ್ತುವ ವಿಚಾರದಲ್ಲಿ ಮಾತ್ರ ಉಪಗ್ರಹ ಚಿತ್ರ ನಂಬಬೇಡಿ. ಮತಂಗ ಬೆಟ್ಟದ ಬಂಡೆಗಳು ಅದರಲ್ಲಿ ಚಪ್ಪಟೆಯಾಗಿ, ಸುಲಭವಾಗಿ ಕಾಣುತ್ತವೆ. ಗೂಗಲ್ ಮ್ಯಾಪ್‌ನಲ್ಲಿ ಹಳದಿ ಗೊಂಬೆಯನ್ನು ಎಳೆದರೆ ನೀಲಿ ಚುಕ್ಕೆಗಳು ಬರುತ್ತವೆ, ಜನ ಹಾಕಿದ ಸುತ್ತುನೋಟದ ಫೋಟೋಗಳು. ಮೆಟ್ಟಿಲು ಎಷ್ಟು ಕಡಿದು, ಹಿಡಿಯಲು ಕಂಬಿ ಇದೆಯೇ ಅನ್ನುವುದನ್ನು ಅವುಗಳಲ್ಲೇ ನೋಡಿ. ಅಂಜನಾದ್ರಿಗೆ 500ಕ್ಕೂ ಜಾಸ್ತಿ ಮೆಟ್ಟಿಲು. ಫೋಟೋ ನೋಡಿದ ಮೇಲೆ ಅಮ್ಮನೇ "ನಾನು ಕೆಳಗೇ ಕೂತಿರ್ತೀನಿ, ನೀವು ಹೋಗಿ ಬನ್ನಿ" ಅಂದರು. ಹೇಮಕೂಟ ಅವರಿಗೆ ಹಿಡಿಸಿತು, ಇಳಿಜಾರು ಕಡಿಮೆ. ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ.

ಇಸ್ರೋದ ಭುವನ್ ವೆಬ್‌ಸೈಟ್ ಕೂಡ ಒಮ್ಮೆ ತೆರೆದು ನೋಡಿ, ನಮ್ಮ ದೇಶದ ಉಪಗ್ರಹಗಳ ಚಿತ್ರ ಅಲ್ಲಿದೆ. ಮಳೆಯ ಭಯ ಇದ್ದರೆ ಹವಾಮಾನ ಇಲಾಖೆಯ ಇನ್ಸಾಟ್ ಚಿತ್ರ ಬೆಳಿಗ್ಗೆ ತಿಂಡಿ ತಿನ್ನುತ್ತಲೇ ನೋಡಬಹುದು, ಮೋಡ ಎತ್ತ ಸಾಗುತ್ತಿದೆ ಅಂತ ತಿಳಿಯುತ್ತದೆ.

ಬಂಡೆಗಳ ನಡುವೆ ನೆಟ್‌ವರ್ಕ್ ಹೋಗಿ ಬಂದು ಮಾಡುತ್ತದೆ. ರೈಲು ಹತ್ತುವ ಮುಂಚೆಯೇ ಹೊಸಪೇಟೆಯಿಂದ ಗಂಗಾವತಿವರೆಗಿನ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಕಾಲುದಾರಿಗಳಿಗೆ ಆರ್ಗಾನಿಕ್ ಮ್ಯಾಪ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಹೊಳೆಯ ಚಿತ್ರವನ್ನು ಮಾತ್ರ ಹೊರಡುವ ವಾರದಲ್ಲಿ ಇನ್ನೊಮ್ಮೆ ತೆರೆದು ನೋಡಿ, ದೋಣಿ ನಡೆಯುತ್ತಿದೆಯೇ ಅಂತ ರೂಮಿನವರಿಗೂ ಒಂದು ಫೋನ್ ಮಾಡಿ ಕೇಳಿ.