ಹಬ್ಬದ ನೀರು ಮತ್ತು ಕೆಂಪು ಕ್ಲಿಪ್ಪು

20 ಅಕ್ಟೋಬರ್ 2025, ಸೋಮವಾರ
ತುಮಕೂರು

ಇವತ್ತು ನರಕ ಚತುರ್ದಶಿ. ಬೆಳಗ್ಗೆ ಆರರೊಳಗೆ ಎಲ್ಲರ ಎಣ್ಣೆಸ್ನಾನ ಮುಗಿದಿತ್ತು, ಪುಟ್ಟಿಯದೊಂದು ಬಿಟ್ಟು. ಅವಳು ತಲೆಗೆ ನೀರು ಹಾಕಿಸಿಕೊಂಡು ಹನ್ನೊಂದು ದಿನವಾಗಿತ್ತು. ಎರಡು ವರ್ಷ ಮೂರು ತಿಂಗಳ ಕೂಸು. ಆದರೂ ಬಾತ್‌ರೂಮಿನ ಬಾಗಿಲು ಹಿಡಿದುಕೊಂಡಳೆಂದರೆ ಬಿಡಿಸೋಕೆ ಇಬ್ಬರು ಬೇಕು.

ಮೊದಲು ಹೀಗಿರಲಿಲ್ಲ. ಬಾಣಂತನದಲ್ಲಿ ಅಮ್ಮ ಕಾಲು ಚಾಚಿ ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದರೆ ಅರ್ಧಕ್ಕೇ ನಿದ್ದೆ ಹೋಗುತ್ತಿದ್ದಳು. ಈ ರಂಪ ಶುರುವಾಗಿದ್ದು ಕಳೆದ ತಿಂಗಳಿಂದ. ಶಾಂಪೂ ಕಣ್ಣಿಗೆ ಹೋಗಿರಬೇಕು ಅಂತ ಅದನ್ನು ಬದಲಾಯಿಸಿದ್ದಾಯ್ತು. ನೀರು ಸುಟ್ಟಿರಬೇಕು ಅಂದರು ಇವರು. ಬಿಸಿಲಿದ್ದ ದಿನ ನಮ್ಮ ಸೋಲಾರ್ ನೀರು ಕೈ ಇಡಲಾಗದಷ್ಟು ಕಾದಿರುತ್ತೆ, ನಿಜ. ಅದಕ್ಕೇ ನಾನು ಮೊದಲು ತಣ್ಣೀರು ಬಿಟ್ಟು, ಆಮೇಲೆ ಬಿಸಿ ಬೆರೆಸಿ, ಮೊಣಕೈ ಅದ್ದಿ ನೋಡೋದು. 37-38 ಡಿಗ್ರಿ, ಅಂದರೆ ಹೆಚ್ಚುಕಮ್ಮಿ ನಮ್ಮ ಮೈಯಷ್ಟೇ ಬೆಚ್ಚಗೆ. ಅತ್ತೆ ದೃಷ್ಟಿ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ, ಅಷ್ಟು ದೃಷ್ಟಿ ಆಗಿದೆ ಅಂದರು. ಪಕ್ಕದಲ್ಲಿ ನಾನು ಕೆಮ್ಮುತ್ತಿದ್ದೆ.

ಮಕ್ಕಳ ಡಾಕ್ಟರು ಮಾತ್ರ ನಿರಾಳ. ಈ ವಯಸ್ಸಿಗೆ ವಾರಕ್ಕೆ ಎರಡು ಮೂರು ಸ್ನಾನ ಸಾಕು, ಉಳಿದ ದಿನ ಮುಖ, ಕತ್ತಿನ ಮಡಿಕೆ, ಕೈಕಾಲು, ಕುಂಡಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಲವಂತವಾಗಿ ಹುಯ್ದರೆ ಹೆದರಿಕೆ ಗಟ್ಟಿಯಾಗುತ್ತೆ ಅಂದರು. ಇದನ್ನು ಅತ್ತೆಗೆ ಹೇಳುವ ಧೈರ್ಯ ಬರೋಕೆ ನನಗೆ ನಾಲ್ಕು ದಿನ ಹಿಡಿಯಿತು.

ಗುಟ್ಟು ಗೊತ್ತಾಗಿದ್ದು ನಿನ್ನೆ ಸಂಜೆ. ನೀರು ತುಂಬುವ ಹಬ್ಬ. ನಮ್ಮ ಬೀದಿಯಲ್ಲಿ ನಲ್ಲಿ ಬಂದ ದಿನವೆಲ್ಲ ನೀರು ತುಂಬುವ ಹಬ್ಬವೇ ಬಿಡಿ, ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನಿನ್ನೆಯೇ ಬಂದಳು. ಅತ್ತೆ ಅಟ್ಟದಿಂದ ತಾಮ್ರದ ಹಂಡೆ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಚೆಂಡುಹೂ ಸುತ್ತಿದರು. ಪುಟ್ಟಿ ತನ್ನ ಪುಟಾಣಿ ಚೊಂಬಿನಲ್ಲಿ ಹಂಡೆಗೆ ನೀರು ಸುರಿದಿದ್ದೇ ಸುರಿದಿದ್ದು. ಲಂಗವೆಲ್ಲ ಒದ್ದೆ, ಕೇಕೆ ಬೇರೆ. ಹಾಗಾದರೆ ನೀರಿನ ಹೆದರಿಕೆ ಅಲ್ಲ!

ಉಳಿದ ನೀರು ಚೆಲ್ಲೋಕೆ ನಾನು ಬಾತ್‌ರೂಮಿಗೆ ಹೋದೆ. ಅವಳು ಹೊಸ್ತಿಲಲ್ಲೇ ನಿಂತು ನೀರು ಹೋಗುವ ಜಾಲರಿಗೆ ಬೆರಳು ತೋರಿಸಿದಳು. "ಕಿಪ್ಪು ಓಯ್ತು. ಪಾಪುನೂ ಓಯ್ತದೆ."

ಕಳೆದ ತಿಂಗಳು ಜಾಲರಿ ತೆಗೆದು ಉಜ್ಜುವಾಗ ಅವಳ ಕೆಂಪು ಚಿಟ್ಟೆ ಕ್ಲಿಪ್ಪು ತೂತಿಗೆ ಬಿದ್ದು ಗುಳುಗುಳು ಅಂತ ಹೋಗಿತ್ತು. "ಹೋಯ್ತು, ಟಾಟಾ ಮಾಡು" ಅಂತ ನಕ್ಕಿದ್ದು ನಾನೇ.

ಬೆಳಗ್ಗೆ ಹಿತ್ತಲಲ್ಲೇ ವ್ಯವಸ್ಥೆ ಮಾಡಿದೆವು. ಇಟ್ಟಿಗೆಯ ಒಲೆಗೆ ತೆಂಗಿನ ಮಟ್ಟೆ ತುರುಕಿ ಹಂಡೆ ಕಾಯಿಸಿದ್ದು ಇವರು. ಒಲೆಯಿಂದ ದೂರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿದೆ. ಹರಳೆಣ್ಣೆ ನೆತ್ತಿಗಷ್ಟೇ. ಸೀಗೆಪುಡಿ ಕಣ್ಣಿಗೆ ಹೋದರೆ ಉರಿಯುತ್ತೆ ಅಂತ ಕಡಲೆಹಿಟ್ಟು. ಹಿಂದಿನಿಂದ ದಿಢೀರನೆ ಹುಯ್ಯಲಿಲ್ಲ. ಅವಳಿಗೆ ಕಾಣುವ ಹಾಗೆ ಮೊದಲು ಪಾದ, ಆಮೇಲೆ ಹೆಗಲು, ಕೊನೆಗೆ "ಕಾಗೆ ಎಲ್ಲಿದೆ ನೋಡು" ಅಂತ ಮುಖ ಎತ್ತಿಸಿ ತಲೆಗೆ. ನೀರು ತೆಂಗಿನ ಬುಡದತ್ತ ಹರಿಯುವುದನ್ನೇ ನೋಡುತ್ತಾ ಕೂತಳು. ಅಳಲಿಲ್ಲ. ಆಗ ಗಂಟೆ ಏಳೂ ಮುಕ್ಕಾಲು, ಹಿತ್ತಲಿಗೆಲ್ಲ ಬಿಸಿಲು ಬಂದಿತ್ತು. ಸೂರ್ಯ ಹುಟ್ಟೋ ಮೊದಲೇ ಆಗಬೇಕು ಅಂತಿದ್ದ ಅತ್ತೆ ಆರತಿ ತಟ್ಟೆ ಹಿಡಿದು, "ನಮ್ಮ ಪಾಪುಗೆ ಈಗ ತಾನೇ ಬೆಳಗಾಯ್ತು" ಅಂದುಬಿಟ್ಟರು.

ಮಧ್ಯಾಹ್ನ ಬಾತ್‌ರೂಮಿನಲ್ಲಿ ಅಪ್ಪನ ಕಾಲು, ನನ್ನ ಕಾಲು ಜಾಲರಿ ಮೇಲಿಟ್ಟು ತೋರಿಸಿದೆವು. ಯಾವುದೂ ಒಳಗೆ ಹೋಗಲಿಲ್ಲ. ತನ್ನ ಕಾಲಿಡೋಕೆ ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ತೂತು ಕಾಣದ ಹಾಗೆ ಅದರ ಮೇಲೆ ಏನೋ ಒಂದನ್ನು ಬೋರಲು ಹಾಕಿದ್ದೇನೆ. ಊಟ ಮುಗಿದಾಗಿನಿಂದ ಅತ್ತೆ ಎಲೆಅಡಿಕೆ ಕುಟ್ಟೋಕೆ ಕುಟ್ಟಾಣಿ ಹುಡುಕುತ್ತಿದ್ದಾರೆ. ನಾನು ಸುಮ್ಮನಿದ್ದೇನೆ.