ಸ್ವೀಟ್ ಕಾರ್ನ್ ಕಡ್ಡಿಯ ರಸಮೇವು

ತೆನೆ ಕಿತ್ತು ಮಾರುಕಟ್ಟೆಗೆ ಕಳಿಸಿದ ಮೇಲೂ ಸ್ವೀಟ್ ಕಾರ್ನ್ ಹೊಲದ ತುಂಬ ಹಸಿರು ಕಡ್ಡಿ ನಿಂತಿರುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಕಡೆ ಒಂದಷ್ಟನ್ನು ದನಕ್ಕೆ ಹಸಿಯಾಗಿ ಹಾಕಿ, ಮಿಕ್ಕಿದ್ದನ್ನು ಒಣಗಲು ಬಿಡುತ್ತಾರೆ. ಒಣಗಿದ್ದನ್ನು ನಮ್ಮ ಸೀಮೆಹಸು ಮೂಸಿ ನೋಡಿ ಮುಖ ತಿರುಗಿಸುತ್ತದೆ. ಅದಕ್ಕೇ ಈಗ ಎಲ್ಲವೂ ರಸಮೇವಿಗೆ, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಕಾಪಿಡುವ ಸೈಲೇಜಿಗೆ.

ಅರ್ಧ ದಿನ ಬಾಡಿಸಿ, ಚಾಫ್ ಕಟರ್‌ನಲ್ಲಿ ಸಣ್ಣಗೆ ಕತ್ತರಿಸಿ, ಒಂದು ಹಿಡಿ ಗಟ್ಟಿಯಾಗಿ ಅಮುಕಿ ನೋಡುತ್ತೇನೆ. ನೀರು ತೊಟ್ಟಿಕ್ಕಿದರೆ ಇನ್ನೂ ಬಾಡಬೇಕು. ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ತೇವವಾದರೆ ಸರಿ. ಅಂದಾಜು ಶೇಕಡಾ 65ರಿಂದ 70 ನೀರಿನಂಶ. ಕಡ್ಡಿಯಲ್ಲೇ ಸಕ್ಕರೆ ಇದ್ದರೂ ಕ್ವಿಂಟಲಿಗೆ ಒಂದು ಕೆಜಿ ಬೆಲ್ಲ ಕರಗಿಸಿ ಚಿಮುಕಿಸದಿದ್ದರೆ ಅಪ್ಪನಿಗೆ ಸಮಾಧಾನವಿಲ್ಲ. ಡ್ರಮ್ಮಿಗೆ ಪದರ ಪದರವಾಗಿ ತುಂಬಿ ತುಳಿಯುವುದು ನನ್ನ ಪಾಲು. ಅಂಚಿನಲ್ಲಿ ಗಾಳಿ ಉಳಿದರೆ ಅಲ್ಲೇ ಬೂಷ್ಟು. ಗಾಳಿ ಇಲ್ಲದಿದ್ದರೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇಳಿಯುತ್ತದೆ) 4ರ ಆಸುಪಾಸಿಗೆ ಇಳಿದ ಮೇಲೆ ಕೊಳೆಸುವ ಸೂಕ್ಷ್ಮಾಣುಗಳ ಆಟ ನಡೆಯುವುದಿಲ್ಲ.

45 ದಿನಕ್ಕೆ ಮುಚ್ಚಳ ತೆಗೆದರೆ ಹಳದಿ ಮಿಶ್ರಿತ ಹಸಿರು, ಹಿತವಾದ ಹುಳಿ ವಾಸನೆ. ಕಪ್ಪಾಗಿ ನಾತ ಹೊಡೆದದ್ದು ಸೀದಾ ತಿಪ್ಪೆಗೆ. ಹಾಲು ಕರೆದ ಮೇಲೆಯೇ ಹಾಕಿ, ಇಲ್ಲದಿದ್ದರೆ ಹಾಲಿಗೆ ವಾಸನೆ ಹತ್ತುತ್ತದೆ. ಮೊದಮೊದಲು ಸ್ವಲ್ಪವೇ ಸಾಕು, ಜೊತೆಗೆ ರಾಗಿ ಹುಲ್ಲು ಇರಲಿ.