ಪೇಜಿನ ಲೆಕ್ಕದಲ್ಲಿ ಬದುಕಿದ ಜ್ಯಾಕ್ ಕರ್ಬಿ

ಮಾರ್ವೆಲ್ ಸಿನಿಮಾ ನೋಡುವವರಿಗೆ ಸ್ಟ್ಯಾನ್ ಲೀ ಮುಖ ಗೊತ್ತಿರುತ್ತದೆ. ಬಹುತೇಕ ಸಿನಿಮಾಗಳಲ್ಲಿ ಎಲ್ಲೋ ಒಂದು ಕಡೆ ಸುಮ್ನೆ ಬಂದು ಹೋಗುತ್ತಿದ್ದ ಕನ್ನಡಕದ ಅಜ್ಜ, ಮಾರ್ವೆಲ್ ಕಾಮಿಕ್ಸ್ ಕಂಪನಿಯ ಸಂಪಾದಕ, ಬರಹಗಾರ. ಜ್ಯಾಕ್ ಕರ್ಬಿ ಯಾರು ಅಂದರೆ ಮಾತ್ರ ತಲೆ ಕೆರೆದುಕೊಳ್ಳುವವರೇ ಜಾಸ್ತಿ. ಹಲ್ಕ್, ಥಾರ್, ಎಕ್ಸ್‌ಮೆನ್, ಬ್ಲ್ಯಾಕ್ ಪ್ಯಾಂಥರ್ ಇವರೆಲ್ಲ ಮೊದಲು ಕಥೆಯಾಗಿ ಕಾಗದಕ್ಕೆ ಇಳಿದದ್ದು ಈ ಕಾಮಿಕ್ಸ್ ಚಿತ್ರಕಾರನ ಪೆನ್ಸಿಲ್‌ನಿಂದ.

1917ರಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ಹುಟ್ಟಿದವನು. ಆಸ್ಟ್ರಿಯಾ ಕಡೆಯಿಂದ ವಲಸೆ ಬಂದ ಬಡ ಯಹೂದಿ ಮನೆ, ಅಪ್ಪನಿಗೆ ಬಟ್ಟೆ ಫ್ಯಾಕ್ಟರಿಯಲ್ಲಿ ಕೆಲಸ. ಗಲ್ಲಿ ಹೊಡೆದಾಟದಲ್ಲೇ ಬೆಳೆದ ಹುಡುಗ, ಅದಕ್ಕೇ ಇರಬೇಕು, ಅವನು ಬರೆದ ಏಟು ನಿಜವಾಗಲೂ ಬಿದ್ದ ಹಾಗೆ ಕಾಣುತ್ತದೆ. ಜೋ ಸೈಮನ್ ಜೊತೆ ಸೇರಿ ಕ್ಯಾಪ್ಟನ್ ಅಮೆರಿಕವನ್ನು ಹುಟ್ಟುಹಾಕಿದಾಗ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರ್ ದವಡೆಗೆ ಗುದ್ದು. ಅದು ಅಂಗಡಿಗೆ ಬಂದದ್ದು 1940ರ ಕೊನೆಯಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷ ಬಾಕಿ ಇತ್ತು. ಆಮೇಲೆ ಅವನೇ ಸೈನ್ಯ ಸೇರಿ ಫ್ರಾನ್ಸಿಗೂ ಹೋಗಿ ಬಂದ.

ನನಗೆ ಆಸಕ್ತಿ ಇರೋದು 1960ರ ದಶಕದ ಮೇಲೆ. ಲಾಂಗ್ ಐಲೆಂಡ್‌ನ ಮನೆಯ ನೆಲಮಾಳಿಗೆಯಲ್ಲಿ ಒಂದು ಸಣ್ಣ ಕೋಣೆ, ಅದಕ್ಕೆ ಅವನಿಟ್ಟ ಹೆಸರು 'ಡಂಜನ್', ಅಂದರೆ ಬಂದೀಖಾನೆ. ಬಾಯಲ್ಲಿ ಸಿಗಾರ್, ಮುಂದೆ ಡ್ರಾಯಿಂಗ್ ಬೋರ್ಡ್, ರಾತ್ರಿಯೆಲ್ಲ ಕೆಲಸ. 'ಮಾರ್ವೆಲ್ ಮೆಥಡ್' ಅಂತ ಒಂದು ಪದ್ಧತಿ ಇತ್ತು. ಪೂರ್ತಿ ಸ್ಕ್ರಿಪ್ಟ್ ಇರುತ್ತಿರಲಿಲ್ಲ. ಸ್ಟ್ಯಾನ್ ಲೀ ಜೊತೆ ಕೂತು ಮಾತಾಡಿದ ಒಂದು ಎಳೆ, ಕೆಲವೊಮ್ಮೆ ಅದೂ ಅಷ್ಟಕ್ಕಷ್ಟೇ. ಯಾವ ದೃಶ್ಯ ಎಲ್ಲಿ ಬರಬೇಕು, ಯಾರು ಯಾರನ್ನು ಹೊಡೆಯಬೇಕು, ಕಥೆ ಎಲ್ಲಿ ತಿರುಗಬೇಕು ಎಲ್ಲವನ್ನೂ ಕರ್ಬಿ ಬರೆಯುತ್ತಲೇ ಕಟ್ಟುತ್ತಿದ್ದ. ಪೇಜಿನ ಅಂಚಿನಲ್ಲಿ 'ಇಲ್ಲಿ ಹೀಗಾಗುತ್ತಿದೆ' ಅಂತ ಪೆನ್ಸಿಲ್‌ನಲ್ಲಿ ಗೀಚಿ ಕಳಿಸಿದರೆ, ಅದನ್ನು ನೋಡಿಕೊಂಡು ಲೀ ಮಾತು ತುಂಬುತ್ತಿದ್ದ. ಕರ್ಬಿಗೆ ಸಿಗುತ್ತಿದ್ದದ್ದು ಮಾತ್ರ ಪೇಜಿಗಿಷ್ಟು ಅಂತ, ಚಿತ್ರದ ದುಡ್ಡು. ಕಥೆ ಕಟ್ಟಿದ್ದಕ್ಕೆ ಬೇರೆ ಏನೂ ಇಲ್ಲ.

1966ರ ಫೆಂಟಾಸ್ಟಿಕ್ ಫೋರ್ ಕಾಮಿಕ್ಸ್‌ನ 48ನೇ ಸಂಚಿಕೆ ನೋಡಿ. ಗ್ರಹಗಳನ್ನೇ ನುಂಗುವ ಗ್ಯಾಲಾಕ್ಟಸ್ ಬರಬೇಕು ಅನ್ನುವಷ್ಟು ಮಾತಾಗಿತ್ತು. ಪೇಜುಗಳು ಆಫೀಸಿಗೆ ಬಂದಾಗ ಅದರಲ್ಲಿ ಸರ್ಫ್ ಬೋರ್ಡ್ ಮೇಲೆ ಹಾರುವ ಬೆಳ್ಳಿ ಮನುಷ್ಯನೊಬ್ಬ ಇದ್ದಾನೆ, ಲೀಗೆ ಅವನ್ಯಾರು ಅಂತಲೇ ಗೊತ್ತಿಲ್ಲ! ಅಂಥ ದೇವರಂಥವನಿಗೆ ಒಬ್ಬ ದೂತ ಬೇಡವೇ ಅಂತ ಕರ್ಬಿ ತಾನೇ ಸೇರಿಸಿದ್ದು. ಅವನೇ ಸಿಲ್ವರ್ ಸರ್ಫರ್. ಹಾಗಂತ ಲೀಯನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಆ ಪಾತ್ರಗಳಿಗೆ ಮಾತು, ಜಗಳ, ತಮಾಷೆ ಕೊಟ್ಟವನು ಅವನೇ, ಕರ್ಬಿ ಒಬ್ಬನೇ ಬರೆದ ಸಂಭಾಷಣೆ ಓದಿದರೆ ಕೆಲವು ಕಡೆ ಹಲ್ಲಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ಆದರೆ ಲೆಕ್ಕ ಮಾತ್ರ ಸರಿ ಇರಲಿಲ್ಲ, ಅಲ್ವಾ?

1970ರಲ್ಲಿ ಬೇಸತ್ತು ಎದುರಾಳಿ ಕಾಮಿಕ್ಸ್ ಕಂಪನಿ ಡಿಸಿಗೆ ಹೋದ. ಅಲ್ಲಿ ಅವನು ಬರೆದ ಸೂಪರ್‌ಮ್ಯಾನ್ ಮುಖ ಸರಿಯಿಲ್ಲ ಅಂತ ಬೇರೆಯವರ ಕೈಲಿ ತಿದ್ದಿಸಿದರು. ದೇಹ ಕರ್ಬಿಯದು, ತಲೆ ಇನ್ನೊಬ್ಬರದು. ಈ ವಿಷಯ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆಮೇಲೆ ಮತ್ತೆ ಮಾರ್ವೆಲ್, ಅಲ್ಲಿಂದ ಟಿವಿ ಕಾರ್ಟೂನ್. ಅಲ್ಲಿ ಹೋದ ಮೇಲೆ ಆರೋಗ್ಯ ವಿಮೆಯೂ ಸಿಕ್ಕಿತು.

1980ರ ದಶಕದಲ್ಲಿ ಮಾರ್ವೆಲ್ ಕಲಾವಿದರಿಗೆ ಅವರ ಮೂಲ ಪೇಜುಗಳನ್ನು ವಾಪಸ್ ಕೊಡಲು ಶುರು ಮಾಡಿದಾಗ ಉಳಿದವರಿಗೆ ಒಂದು ಪುಟದ ಫಾರಂ, ಕರ್ಬಿಗೆ ನಾಲ್ಕು ಪುಟದ್ದು. ಪಾತ್ರಗಳ ಮೇಲೆ ಯಾವತ್ತೂ ಹಕ್ಕು ಕೇಳುವುದಿಲ್ಲ ಅಂತ ಬರೆದುಕೊಡಬೇಕಿತ್ತು. ಅವನು ಒಪ್ಪಲಿಲ್ಲ, ಬೇರೆ ಕಲಾವಿದರೂ ಅವನ ಪರ ನಿಂತರು. 1987ರಲ್ಲಿ ಒಂದಷ್ಟು ಪೇಜು ಮನೆಗೆ ಬಂದವು, ಅವನು ಬರೆದದ್ದರಲ್ಲಿ ಅದೊಂದು ಸಣ್ಣ ಪಾಲು. 1994ರಲ್ಲಿ ತೀರಿಕೊಂಡ. ಪಾತ್ರಗಳ ಹಕ್ಕಿನ ಬಗ್ಗೆ ಮಾರ್ವೆಲ್ ಜೊತೆ ನಡೆದ ಕೇಸಿನಲ್ಲಿ ಅವನ ಮಕ್ಕಳು ಕೆಳಗಿನ ಕೋರ್ಟುಗಳಲ್ಲಿ ಸೋತಿದ್ದರು, ಸುಪ್ರೀಂ ಕೋರ್ಟು ಕೈಗೆತ್ತಿಕೊಳ್ಳುವುದೋ ಇಲ್ಲವೋ ಅನ್ನುವ ಹೊತ್ತಿಗೆ, 2014ರಲ್ಲಿ, ರಾಜಿಯಾಯಿತು.

ಓದಬೇಕು ಅನ್ನಿಸಿದರೆ ಫೆಂಟಾಸ್ಟಿಕ್ ಫೋರ್‌ನ 48ರಿಂದ 50 ಮೂರೂ ಸಂಚಿಕೆ ಓದಿ. ಮೊದಲ ಸಲ ಮಾತು ಬಿಟ್ಟು ಬರೀ ಚಿತ್ರ ನೋಡಿ. ಶಕ್ತಿ ಸಿಡಿಯುವಲ್ಲಿ ಗುಂಪು ಗುಂಪಾಗಿ ಬರುವ ಕಪ್ಪು ಚುಕ್ಕೆಗಳನ್ನು ಬಿಡಬೇಡಿ. ಕಥೆ ಅಷ್ಟರಲ್ಲೇ ಅರ್ಥ ಆಗುತ್ತದೆ.